ಎಸ್‌ಯುವಿಗೆ ಕೋಲ್ಡ್ ಏರ್ ಇಂಟೇಕ್: ದುಡ್ಡು ಕೊಡುವ ಮೊದಲು ಬಾನೆಟ್ ಎತ್ತಿ ನೋಡಿ

ಹೊಸ ಥಾರ್, ಸ್ಕಾರ್ಪಿಯೊ ಅಥವಾ ಜಿಮ್ನಿ ಮನೆಗೆ ಬಂದು ನಾಲ್ಕು ತಿಂಗಳಾಗುವಷ್ಟರಲ್ಲಿ ಆಕ್ಸೆಸರಿ ಅಂಗಡಿಯಲ್ಲೋ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲೋ ಒಂದು ಮಾತು ಬಂದೇ ಬರುತ್ತದೆ: "ಇಂಟೇಕ್ ಹಾಕಿಸಿ, ಪಿಕಪ್ ಬೇರೆಯೇ ಆಗುತ್ತೆ." ಇಂಟೇಕ್ ಎಂದರೆ ಹೊರಗಿನ ಗಾಳಿಯನ್ನು ಸೋಸಿ ಎಂಜಿನ್ನಿಗೆ ಒಯ್ಯುವ ಫಿಲ್ಟರ್, ಪೈಪುಗಳ ಜೋಡಣೆ. ಕಂಪನಿಯದನ್ನು ತೆಗೆದು ಹಾಕಲು ಹೊರಗೆ ಸಿಗುವ ಕಿಟ್ಟೇ ಕೋಲ್ಡ್ ಏರ್ ಇಂಟೇಕ್. ಇದಕ್ಕಾಗಿ ಹತ್ತಾರು ಸಾವಿರ ರೂಪಾಯಿ ಕೊಡುವವರಿದ್ದಾರೆ. ಹಾಕಿಸಿದ ಮೇಲೆ ಎಂಜಿನ್ ಸದ್ದು ಖಂಡಿತ ಬದಲಾಗುತ್ತದೆ. ಶಕ್ತಿ ಎಷ್ಟು ಹೆಚ್ಚಿತು, ಎಂಜಿನ್ ಒಳಗೆ ಎಷ್ಟು ಧೂಳು ಹೋಗತೊಡಗಿತು ಎಂಬುದನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಈ ಎರಡನ್ನೂ ಅಳೆಯಲು ಬರುತ್ತದೆ. ಕಿಟ್ ಆರಿಸುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ?

ಸೌದೆ ಒಲೆಯಲ್ಲಿ ಎಷ್ಟೇ ಸೌದೆ ತುರುಕಿದರೂ ಊದುಗೊಳವೆ ಹಿಡಿದು ಊದಿದಾಗಲೇ ಉರಿ ಏಳುವುದು. ಎಂಜಿನ್ನಿನದೂ ಅದೇ ಲೆಕ್ಕ. 1 ಕೆಜಿ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುವುದರಿಂದ ಅದಕ್ಕೆ ಬೇಕಾದ ಗಾಳಿ ಸುಮಾರು 11 ಕೆಜಿ, ಅಂದರೆ 9000 ಲೀಟರ್. ಮನೆಯ ಮೇಲಿನ 1000 ಲೀಟರ್ ನೀರಿನ ಟ್ಯಾಂಕನ್ನು ಒಂಬತ್ತು ಸಲ ತುಂಬುವಷ್ಟು. ಲೀಟರಿಗೆ 12 ಕಿಲೋಮೀಟರ್ ಓಡುವ ಗಾಡಿ ಪ್ರತಿ 12 ಕಿಲೋಮೀಟರಿಗೂ ಇಷ್ಟು ಗಾಳಿಯನ್ನು ಒಳಗೆಳೆಯುತ್ತದೆ. ಆ ಗಾಳಿಯಲ್ಲಿರುವ ಧೂಳೂ ಜೊತೆಗೇ ಬರುತ್ತದೆ.

ಇನ್ನು ತಂಪು ಗಾಳಿಯ ವಿಷಯ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಅಷ್ಟೇ ಜಾಗದಲ್ಲಿ ಕಡಿಮೆ ತೂಕದ ಗಾಳಿ ಹಿಡಿಯುತ್ತದೆ. 40 ಡಿಗ್ರಿ ಸೆಲ್ಸಿಯಸ್ ಗಾಳಿಯ ಬದಲು 70 ಡಿಗ್ರಿಯದು ಒಳಗೆ ಹೋದರೆ ಆಮ್ಲಜನಕ ಸುಮಾರು 9% ಕಡಿಮೆಯಾಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಇದರ ಜೊತೆ ಇನ್ನೊಂದು ಪೆಟ್ಟೂ ಇದೆ. ಬಿಸಿ ಗಾಳಿಯಿಂದ ಇಂಧನ ಹೊತ್ತಿಗೆ ಮುಂಚೆಯೇ ಸಿಡಿಯುವ ಅಪಾಯ ಹೆಚ್ಚುವುದರಿಂದ ಇಸಿಯು ಕಿಡಿ ಕೊಡುವ ಗಳಿಗೆಯನ್ನು ತಡಮಾಡುತ್ತದೆ, ಅದರಿಂದಲೂ ಶಕ್ತಿ ಇಳಿಯುತ್ತದೆ. ಇಸಿಯು ಎಂದರೆ ಇಂಧನ, ಕಿಡಿ, ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ಕಳಿಸುವ ಚಕ್ರ) ಎಲ್ಲವನ್ನೂ ನಿಯಂತ್ರಿಸುವ ಕಂಪ್ಯೂಟರ್.

ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ. ಟರ್ಬೊ ಇಲ್ಲದ ಗಾಡಿಯಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದರೆ, ಅಲ್ಲಿನ ಸೆಕೆಯನ್ನು ಕಳೆದರೂ ಎಂಜಿನ್ನಿಗೆ ಸಿಗುವ ಗಾಳಿ 8 ಶೇಕಡದಷ್ಟು ಹೆಚ್ಚು. ಯಾವ ಇಂಟೇಕ್ ಕಿಟ್ಟೂ ಇಷ್ಟು ಕೊಡುವುದಿಲ್ಲ.

ಕಂಪನಿಯ ಪೆಟ್ಟಿಗೆಯೂ ತಂಪು ಗಾಳಿಯದೇ

ಬಾನೆಟ್ ಎತ್ತಿದರೆ ಒಂದು ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಕಾಣುತ್ತದೆ. ಅದೇ ಏರ್ ಬಾಕ್ಸ್. ಅದರಿಂದ ಹೊರಟ ಮೂತಿಯನ್ನು ಕೈಯಲ್ಲಿ ಸವರುತ್ತಾ ಹೋಗಿ. ಬಹುತೇಕ ಗಾಡಿಗಳಲ್ಲಿ ಅದು ಮುಂದಿನ ಗ್ರಿಲ್‌ನ ಮೇಲಂಚಿಗೋ ಫೆಂಡರ್ ಒಳಕ್ಕೋ ಹೋಗಿರುತ್ತದೆ. ಅಂದರೆ ಅದು ಎಳೆಯುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನಲ್ಲ, ಹೊರಗಿನ ಗಾಳಿಯನ್ನು. ಕೋಲ್ಡ್ ಏರ್ ಇಂಟೇಕ್ ಎಂಬ ಹೆಸರಿನ ಅರ್ಧ ಕೆಲಸವನ್ನು ಕಂಪನಿಯೇ ಮಾಡಿ ಕೊಟ್ಟಿದೆ.

ಪೆಟ್ಟಿಗೆಯೊಳಗೆ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್. ಅದರ ಆಚೆ, ಅನೇಕ ಎಂಜಿನ್‌ಗಳಲ್ಲಿ, ಒಳಬರುವ ಗಾಳಿಯ ತೂಕ ಅಳೆಯುವ ಮಾಫ್ ಸೆನ್ಸರ್. ಆಮೇಲೆ ರಬ್ಬರ್ ಪೈಪ್, ಟರ್ಬೊ ಇದ್ದರೆ ಟರ್ಬೊ, ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಕೊನೆಗೆ ಎಂಜಿನ್. ಪೈಪಿನ ಪಕ್ಕ ಆಚೆಗೆ ದಾರಿಯಿಲ್ಲದ ಒಂದು ಡಬ್ಬಿಯೂ ಇರಬಹುದು. ಅದು ಸದ್ದಡಗಿಸುವ ರೆಸೊನೇಟರ್. ಹೊರಗಿನ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಕಿಟ್ ಹಾಕಿದ ಮೇಲೆ ಕೇಳುವ "ಭುಸ್" ಸದ್ದು ಹೆಚ್ಚಾಗಿ ಬರುವುದು ಇಲ್ಲಿಂದ. ಕಿವಿಗೆ ಅದು ಶಕ್ತಿ ಬಂದಂತೆ ಅನ್ನಿಸುತ್ತದೆ.

ಲಾಭದ ಮಿತಿ ಎಷ್ಟು? ಅಳೆದು ನೋಡುವ ಎರಡು ದಾರಿ

ಟ್ಯಾಂಕಿನಿಂದ ಒಂದಿಂಚಿನ ಪೈಪ್ ಎಳೆದರೂ ನಲ್ಲಿ ಅರ್ಧ ಇಂಚಿನದಾದರೆ ಬಕೆಟ್ ತುಂಬುವ ವೇಗ ಬದಲಾಗದು. ಗಾಳಿಯ ದಾರಿಯಲ್ಲಿ ಇಕ್ಕಟ್ಟು ಫಿಲ್ಟರ್ ಹತ್ತಿರವೇ ಇದ್ದರೆ ಮಾತ್ರ ಇಂಟೇಕ್ ಬದಲಿಸಿ ಪ್ರಯೋಜನ.

ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಯಾದರೆ ಸ್ಟಿಯರಿಂಗ್ ಕೆಳಗೆ, ಇಸಿಯುವಿನ ಅಂಕಿಗಳನ್ನು ಓದಲು ಕೊಟ್ಟ ಓಬಿಡಿ ಸಾಕೆಟ್‌ಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಮೊಬೈಲ್ ಆ್ಯಪ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡವನ್ನು, ಅಂದರೆ ಸಿಲಿಂಡರಿಗೆ ಹೋಗುವ ಮುಂಚಿನ ಗಾಳಿಯ ಒತ್ತಡವನ್ನು, ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದರೆ ಬೆಂಗಳೂರಿನಲ್ಲಿ 91 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸುತ್ತದೆ. ಅದು ಹೊರಗಿನ ಗಾಳಿಯ ಒತ್ತಡ. ಬಳಿಕ ಖಾಲಿ ರಸ್ತೆಯಲ್ಲಿ ಎರಡನೇ ಅಥವಾ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, 5000 ಆರ್‌ಪಿಎಂ ಹತ್ತಿರ ಪಕ್ಕದಲ್ಲಿ ಕೂತವರು ಅದೇ ಅಂಕಿಯನ್ನು ಓದಲಿ. 88 ತೋರಿಸಿತು ಎನ್ನೋಣ. ಮೂತಿ, ಫಿಲ್ಟರ್, ಪೈಪ್, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿ ಕವಾಟ) ಎಲ್ಲ ಸೇರಿ ತಡೆದದ್ದು 3 ಕಿಲೋಪ್ಯಾಸ್ಕಲ್, ಅಂದರೆ ಸುಮಾರು 3.3%. ಆ ತಡೆಯನ್ನು ಪೂರ್ತಿ ಅಳಿಸಿಹಾಕಿದರೂ 105 ಪಿಎಸ್ (ಅಶ್ವಶಕ್ತಿಯ ಅಳತೆ) ಎಂಜಿನ್ನಿಗೆ ಸಿಗುವುದು ಮೂರೂವರೆ ಪಿಎಸ್. ಕಿಟ್ ಅಳಿಸುವುದು ಅದರಲ್ಲಿ ಒಂದು ಭಾಗವನ್ನು ಮಾತ್ರ.

ಟರ್ಬೊ ಗಾಡಿಗೆ ಈ ದಾರಿ ಆಗದು. ಅಲ್ಲಿ ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪ್ ಸಾಕು. ಒಂದೊಂದು ತೋಳು 1 ಮೀಟರ್ ಉದ್ದ ಇರುವಂತೆ ಅದನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧದಷ್ಟು ನೀರು ತುಂಬಿ. ಒಂದು ತುದಿ ಬಯಲಿಗೆ ತೆರೆದಿರಲಿ. ಇನ್ನೊಂದನ್ನು ಫಿಲ್ಟರಿನ ಆಚೆ ಬದಿಗೆ, ಅಂದರೆ ಏರ್ ಬಾಕ್ಸ್ ಮುಚ್ಚಳದಲ್ಲಿ ಕೊರೆದ ಸಣ್ಣ ತೂತಿಗೆ ಸೇರಿಸಬೇಕು. ಮುಚ್ಚಳ ಬಿಚ್ಚಿ, ದೂರ ಹಿಡಿದು ಕೊರೆದು, ಪ್ಲಾಸ್ಟಿಕ್ ಪುಡಿಯನ್ನು ಒಂದು ಚೂರೂ ಬಿಡದೆ ಒರೆಸಿ ಜೋಡಿಸಬೇಕು. ಪರೀಕ್ಷೆ ಮುಗಿದ ಮೇಲೆ ತೂತಿಗೆ ಗಾಳಿಯಾಡದಂತೆ ರಬ್ಬರ್ ಬಿರಡೆ ಹಾಕಬೇಕು. ಹಾಗಾಗಿ ಇದನ್ನು ಗ್ಯಾರೇಜಿನಲ್ಲೇ ಮಾಡಿಸುವುದು ಮೇಲು. ಪೂರ್ತಿ ವೇಗವರ್ಧನೆಯಲ್ಲಿ ಎರಡು ತೋಳುಗಳ ನೀರಿನ ಮಟ್ಟದ ಅಂತರ 10 ಸೆಂಟಿಮೀಟರ್ ಆದರೆ ತಡೆ ಸುಮಾರು 1 ಕಿಲೋಪ್ಯಾಸ್ಕಲ್. 40 ಸೆಂಟಿಮೀಟರ್ ಬಂತೇ? ಮೊದಲು ಕಂಪನಿಯದೇ ಹೊಸ ಕಾಗದದ ಫಿಲ್ಟರ್ ಹಾಕಿ ಮತ್ತೆ ನೋಡಿ. ಅಂತರ ಅರ್ಧಕ್ಕಿಳಿದರೆ ನಿಮಗೆ ಬೇಕಿದ್ದದ್ದು ಕಿಟ್ ಅಲ್ಲ, ಆ ಹೊಸ ಫಿಲ್ಟರ್.

ಡೀಸೆಲ್ ಗಾಡಿಯವರು ಇನ್ನೊಂದನ್ನು ತಿಳಿದಿರಬೇಕು. ಟರ್ಬೊ ಎಂದರೆ ಕಮ್ಮಾರನ ತಿದಿ ಇದ್ದಂತೆ, ಬೇಕಾದಷ್ಟು ಗಾಳಿಯನ್ನು ಒತ್ತಿ ಕಳಿಸುತ್ತದೆ. ಎಷ್ಟು ಒತ್ತಬೇಕು, ಎಷ್ಟು ಡೀಸೆಲ್ ಸಿಂಪಡಿಸಬೇಕು ಎಂಬುದನ್ನು ಇಸಿಯು ಮೊದಲೇ ನಿಗದಿ ಮಾಡಿದೆ. ಮೂತಿಯನ್ನು ಅಗಲ ಮಾಡಿದ ಮಾತ್ರಕ್ಕೆ ಅದು ಹೆಚ್ಚು ಡೀಸೆಲ್ ಕೊಡುವುದಿಲ್ಲ. ಟರ್ಬೊದ ಶ್ರಮ ಸ್ವಲ್ಪ ಕಡಿಮೆಯಾದೀತು ಅಷ್ಟೆ. ಸಾಫ್ಟ್‌ವೇರ್ ಬದಲಿಸದ ಡೀಸೆಲ್ ಎಸ್‌ಯುವಿಗೆ ಶಕ್ತಿಯ ಆಸೆಯಿಂದ ಇಂಟೇಕ್ ಕಿಟ್ ಹಾಕಿಸುವುದು ದುಡ್ಡಿಗೆ ತಕ್ಕ ಕೆಲಸವಲ್ಲ.

ಅಂಗಡಿಯಲ್ಲಿ ಸಿಗುವ ಬಗೆಗಳು

ಮೊದಲನೆಯದು ಪ್ಯಾನೆಲ್ ಫಿಲ್ಟರ್. ಕಂಪನಿಯ ಪೆಟ್ಟಿಗೆ ಹಾಗೇ ಇರುತ್ತದೆ, ಒಳಗಿನ ಫಿಲ್ಟರ್ ಮಾತ್ರ ಬದಲು. ತಪ್ಪುವ ಸಾಧ್ಯತೆ ಕಡಿಮೆ, ಮತ್ತೆ ಹಳೆಯದಕ್ಕೆ ಬರಲು ಐದು ನಿಮಿಷ ಸಾಕು.

ಎರಡನೆಯದು, ಅಂಗಡಿಗಳಲ್ಲಿ ಹೆಚ್ಚು ಹೊಳೆಯುವುದು, ಪೆಟ್ಟಿಗೆಯೇ ಇಲ್ಲದೆ ಬಾನೆಟ್ ಒಳಗೆ ಬಯಲಾಗಿ ನಿಲ್ಲುವ ಕೋನ್ ಫಿಲ್ಟರ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತ ಗಾಡಿಯ ಬಾನೆಟ್ ಒಳಗಿನ ಗಾಳಿ ಹೊರಗಿನದಕ್ಕಿಂತ ಎಷ್ಟೋ ಬಿಸಿ. ಈ ಫಿಲ್ಟರ್ ಎಳೆಯುವುದು ಅದನ್ನೇ. ತಂಪು ಗಾಳಿಯ ಹೆಸರಿನಲ್ಲಿ ಬಿಸಿ ಗಾಳಿ ಕೊಂಡಂತಾಗುತ್ತದೆ. ಒಂದು ಬದಿಗೆ ತಗಡಿನ ಮರೆ ಕೊಟ್ಟಿದ್ದರೂ ಅದರ ಅಂಚು ಬಾನೆಟ್ಟಿಗೆ ರಬ್ಬರ್ ಪಟ್ಟಿಯಿಂದ ಒತ್ತಿಕೊಳ್ಳದಿದ್ದರೆ ಹೆಚ್ಚು ಉಪಯೋಗವಿಲ್ಲ. ಎಸ್‌ಯುವಿಗೆ ಇದನ್ನು ಆರಿಸಬೇಡಿ.

ಮೂರನೆಯದು ಪೂರ್ತಿ ಮುಚ್ಚಿದ ಪೆಟ್ಟಿಗೆಯ ಕಿಟ್. ಕೊಳ್ಳಲೇಬೇಕೆಂದಿದ್ದರೆ ಇದನ್ನೇ ಕೊಳ್ಳಿ. ಅದರ ಮೂತಿ ಕಂಪನಿಯ ಗಾಳಿ ದ್ವಾರಕ್ಕೇ ಸರಿಯಾಗಿ ಕೂರಬೇಕು. ಮುಚ್ಚಳದ ಸುತ್ತ ರಬ್ಬರ್ ಸೀಲ್ ಇರಬೇಕು. ಫಿಲ್ಟರ್ ಸಣ್ಣದಿರಬಾರದು. ಹಾಳೆಯ ವಿಸ್ತೀರ್ಣ ದೊಡ್ಡದಾದಷ್ಟೂ ತಡೆ ಕಡಿಮೆ, ಧೂಳು ಹಿಡಿದಿಡುವ ಶಕ್ತಿ ಹೆಚ್ಚು. ಪೈಪ್ ಅಲ್ಯೂಮಿನಿಯಮ್ಮೋ ಪ್ಲಾಸ್ಟಿಕ್ಕೋ ಎಂಬ ಚರ್ಚೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ನಿಂತಾಗ ಲೋಹ ಬೇಗ ಬಿಸಿಯೇರುತ್ತದೆ ನಿಜ. ಗಾಡಿ ಓಡುವಾಗ ಗಾಳಿ ಅದರೊಳಗೆ ಇರುವುದು ಕ್ಷಣದ ಒಂದು ತುಣುಕಿನಷ್ಟು ಹೊತ್ತು ಮಾತ್ರ.

ಧೂಳು: ಆಯ್ಕೆಯ ನಿಜವಾದ ಅಳತೆಗೋಲು

ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳ ಹಿಂದೆ ಓಡಿಸಿದವರಿಗೆ ಆ ಕೆಂಪು ಧೂಳು ಗೊತ್ತು. ಅದರಲ್ಲಿ ಕಣ್ಣಿಗೆ ಕಾಣುವ ಕಣಗಳು ಎಂಜಿನ್ನಿಗೆ ಅಷ್ಟು ಅಪಾಯಕಾರಿಯಲ್ಲ, ಯಾವ ಫಿಲ್ಟರ್ ಆದರೂ ಅವನ್ನು ತಡೆಯುತ್ತದೆ. ಸವೆತ ತರುವವು 5ರಿಂದ 20 ಮೈಕ್ರಾನಿನ ಸಣ್ಣ ಕಣಗಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಿನ ಎಣ್ಣೆ ಪದರದಲ್ಲಿ ಈ ಕಣಗಳು ಉಪ್ಪುಕಾಗದದಂತೆ ಉಜ್ಜುತ್ತವೆ. ಟರ್ಬೊ ಇದ್ದರೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಅದರ ಚಕ್ರದ ಅಂಚುಗಳೂ ಸವೆಯುತ್ತವೆ. ಎಂಜಿನ್ ಆಯಿಲ್ ಕುಡಿಯತೊಡಗಿದಾಗ, ಹೊಗೆ ಕಂಡಾಗ ಇದು ಗೊತ್ತಾಗುತ್ತದೆ. ಅಷ್ಟರಲ್ಲಿ ಸವೆದದ್ದು ಸವೆದಾಗಿರುತ್ತದೆ.

ಡಬ್ಬಿಯ ಮೇಲೆ 97% ಮತ್ತು 99.5% ಎಂದು ಬರೆದ ಎರಡು ಫಿಲ್ಟರ್‌ಗಳು ಹೆಚ್ಚುಕಡಿಮೆ ಒಂದೇ ಅನ್ನಿಸುತ್ತವೆ. ಲೆಕ್ಕವನ್ನು ತಿರುವಿ ನೋಡಿ. 100 ಗ್ರಾಂ ಧೂಳು ಬಂದರೆ ಮೊದಲನೆಯದು 3 ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು ಅರ್ಧ ಗ್ರಾಂ. ಒಳಗೆ ಹೋಗುವ ಧೂಳಿನಲ್ಲಿ ಆರು ಪಟ್ಟು ವ್ಯತ್ಯಾಸ! ಫಿಲ್ಟರ್ ಪರೀಕ್ಷೆಗೆ ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಗಾಳಿಗೆ ಒಡ್ಡುವ ತಡೆ, ಧೂಳು ತಡೆಯುವ ಪ್ರಮಾಣ, ತುಂಬುವವರೆಗೆ ಹಿಡಿದಿಡುವ ಧೂಳಿನ ತೂಕ ಮೂರನ್ನೂ ಅದರಲ್ಲಿ ಅಳೆಯುತ್ತಾರೆ. ಮಾರುವವರನ್ನು ಕೇಳಬೇಕಾದ್ದು ಇದನ್ನು. ಪರೀಕ್ಷೆಗೆ ಬಳಸಿದ್ದು ನುಣುಪು ಧೂಳೋ ದಪ್ಪ ಧೂಳೋ ಎಂದೂ ಕೇಳಿ, ಏಕೆಂದರೆ ದಪ್ಪ ಧೂಳಿನಲ್ಲಿ ಎಲ್ಲ ಫಿಲ್ಟರ್‌ಗಳಿಗೂ ಒಳ್ಳೆಯ ಅಂಕ ಬರುತ್ತದೆ.

ಹಾಳೆಯ ಲೆಕ್ಕದಲ್ಲಿ ಮೂರು ಬಗೆ. ಕಾಗದದ್ದು ನುಣುಪು ಧೂಳನ್ನು ಚೆನ್ನಾಗಿ ತಡೆಯುತ್ತದೆ, ತೊಳೆಯಲು ಬರುವುದಿಲ್ಲ, ನೆನೆದರೆ ಉಬ್ಬಿ ಗಾಳಿ ಕಟ್ಟುತ್ತದೆ. ಎಣ್ಣೆ ಸವರಿದ ಹತ್ತಿ ಬಟ್ಟೆಯದು ತೊಳೆದು ಮತ್ತೆ ಬಳಸುವಂಥದು, ತಡೆ ಕಡಿಮೆ. ನುಣುಪು ಧೂಳಿನಲ್ಲಿ ಸಾಮಾನ್ಯವಾಗಿ ಒಳ್ಳೆಯ ಕಾಗದಕ್ಕಿಂತ ಹಿಂದೆ. ಎಣ್ಣೆ ಬೇಡದ ಸಿಂಥೆಟಿಕ್ ಹಾಳೆ ಇವೆರಡರ ನಡುವಿನದು. ಮಣ್ಣಿನ ರಸ್ತೆ ಹೆಚ್ಚಿರುವವರಿಗೆ ಕಾಗದ ಅಥವಾ ಒಣ ಸಿಂಥೆಟಿಕ್ ಸರಿ.

ಸರ್ವಿಸ್ ಸ್ಟೇಷನ್ನಿನಲ್ಲಿ ಕಾಗದದ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಸ್ವಲ್ಪ ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ, ಏಕೆಂದರೆ ಕೂತ ಧೂಳೇ ಇನ್ನೊಂದು ಜರಡಿಯಾಗುತ್ತದೆ. ಸುಮ್ಮನೆ ಬಿಚ್ಚಬೇಡಿ, ತುಂಬಿದಾಗ ಬದಲಿಸಿ.

ಫಿಲ್ಟರ್ ಎಷ್ಟೇ ಒಳ್ಳೆಯದಾಗಿರಲಿ, ಅಂಚಿನಲ್ಲಿ ಸಂದು ಉಳಿದರೆ ಎಲ್ಲ ವ್ಯರ್ಥ. ಇದನ್ನು ಹಿಡಿಯಲು ಬಟ್ಟೆಯ ತುಂಡೊಂದು, ಟಾರ್ಚ್ ಒಂದು ಸಾಕು. ಕಿಟ್ ಹಾಕುವ ದಿನ ಫಿಲ್ಟರಿನ ಆಚೆಯ ಪೈಪಿನ ಒಳಗೋಡೆಯನ್ನು ಚೊಕ್ಕ ಒರೆಸಿಡಿ. ಮಣ್ಣು ರಸ್ತೆಯಲ್ಲಿ 500 ಕಿಲೋಮೀಟರ್ ಓಡಿಸಿದ ಮೇಲೆ ಪೈಪ್ ಬಿಚ್ಚಿ ಒಳಗೆ ಟಾರ್ಚ್ ಹಿಡಿದು ನೋಡಿ. ಗೋಡೆಯ ಒಂದು ಕಡೆ ಬಾಲದಂತೆ ಎಳೆದ ಕೆಂಪು ಗೆರೆ ಕಂಡರೆ ಅದರ ಬುಡದಲ್ಲೇ ಸಂದಿದೆ, ಕ್ಲಾಂಪ್ ಓರೆಯಾಗಿದೆ ಅಥವಾ ಸೀಲ್ ಮಡಚಿದೆ. ಸುತ್ತಲೂ ಸಮನಾಗಿ ತೆಳು ಪುಡಿ ಕೂತಿದ್ದರೆ ಹಾಳೆಯೇ ಧೂಳನ್ನು ಬಿಡುತ್ತಿದೆ. ಮೊದಲನೆಯದನ್ನು ಸರಿಪಡಿಸಬಹುದು. ಎರಡನೆಯದಾದರೆ ಆ ಫಿಲ್ಟರನ್ನು ತೆಗೆದುಹಾಕಿ.

ಮಾಫ್ ಸೆನ್ಸರ್ ಯಾಕೆ ಮುನಿಸಿಕೊಳ್ಳುತ್ತದೆ

ಮಾಫ್ ಸೆನ್ಸರ್ ಎಂದರೆ ಗಾಳಿಯ ದಾರಿಯಲ್ಲಿಟ್ಟ ಬಿಸಿ ತಂತಿ ಅಥವಾ ಬಿಸಿ ಪದರ. ಗಾಳಿ ಹಾದಾಗ ಅದು ತಣಿಯುತ್ತದೆ, ತಣಿದ ಪ್ರಮಾಣದಿಂದ ಇಸಿಯು ಗಾಳಿಯ ತೂಕ ಲೆಕ್ಕ ಹಾಕುತ್ತದೆ. ಆ ಲೆಕ್ಕ ನಿಂತಿರುವುದು ಸೆನ್ಸರ್ ಕೂತ ಪೈಪಿನ ಒಳವ್ಯಾಸದ ಮೇಲೆ. ಕಂಪನಿಯ ಪೈಪ್ 70 ಮಿಲಿಮೀಟರ್ ಇದ್ದು ಕಿಟ್ಟಿನದು 76 ಆದರೆ ಅಡ್ಡಕೊಯ್ತದ ವಿಸ್ತೀರ್ಣ 18% ಹೆಚ್ಚುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹಾಯುತ್ತದೆ, ಸೆನ್ಸರ್ ಕಡಿಮೆ ಎಂದು ವರದಿ ಕೊಡುತ್ತದೆ, ಪೆಟ್ರೋಲ್ ಎಂಜಿನ್ನಿಗೆ ಇಂಧನ ಸಾಲದಾಗುತ್ತದೆ. ಆಗ ಸ್ಕ್ಯಾನರಿನಲ್ಲಿ ಕಾಣುವ ದೋಷದ ಕೋಡ್ ಪಿ0171. ಡೀಸೆಲ್ಲಿನಲ್ಲಿ ಇದೇ ಸೆನ್ಸರ್ ನಂಬಿ ಇಸಿಯು ಹೊಗೆಯನ್ನು ಮತ್ತೆ ಒಳಗೆ ಬಿಡುವ ಇಜಿಆರ್ ಕವಾಟವನ್ನು ನಡೆಸುತ್ತದೆ. 2020ರ ಏಪ್ರಿಲ್ 1ರ ನಂತರದ ಬಿಎಸ್6 ಡೀಸೆಲ್ ಎಸ್‌ಯುವಿಗಳಲ್ಲಿ ಲೆಕ್ಕ ತಪ್ಪಿದರೆ ಮಸಿ ಹಿಡಿಯುವ ಡಿಪಿಎಫ್ ಬೇಗ ತುಂಬಬಹುದು, ಗಾಡಿ ಶಕ್ತಿ ತಗ್ಗಿಸಿಕೊಂಡು ಕುಂಟಬಹುದು.

ಹಾಗಾಗಿ ಕಿಟ್ ಕೊಳ್ಳುವಾಗ ವರ್ನಿಯರ್ ಕ್ಯಾಲಿಪರ್ ಹಿಡಿದು ಸೆನ್ಸರ್ ಕೂರುವ ಜಾಗದ ಒಳವ್ಯಾಸ ಅಳೆಯಿರಿ. ಕಂಪನಿಯದಕ್ಕೆ ಸಮ ಇರಬೇಕು. ಸೆನ್ಸರಿನ ಮುಂದೆ ಗಾಳಿಯನ್ನು ನೇರ ಮಾಡುವ ಜಾಲರಿ ಕಂಪನಿಯದರಲ್ಲಿದ್ದರೆ ಕಿಟ್ಟಿನಲ್ಲೂ ಇರಬೇಕು. ಹತ್ತಿ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಅದೂ ಹಾರಿ ತಂತಿಗೆ ಅಂಟುತ್ತದೆ. ತೊಳೆದಾಗ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ, ನೆರಳಲ್ಲಿ ಪೂರ್ತಿ ಒಣಗಿಸಿ, ಪ್ರತಿ ಮಡಿಕೆಗೆ ಒಂದೇ ಸಲ ತೆಳುವಾಗಿ ಎಣ್ಣೆ ಹಾಕಿ, 20 ನಿಮಿಷ ಬಿಟ್ಟು ಬಿಳಿಯಾಗಿ ಉಳಿದ ಕಡೆಗಷ್ಟೇ ಮತ್ತೆ ಹಾಕಿ. ಸೆನ್ಸರ್ ಕೊಳೆಯಾದರೆ ಅದಕ್ಕೆಂದೇ ಸಿಗುವ ಸ್ಪ್ರೇ ಬಳಸಿ. ಬ್ರೇಕ್ ಕ್ಲೀನರ್ ಬೇಡ, ಬಟ್ಟೆಯಿಂದ ಒರೆಸುವುದಂತೂ ಬೇಡವೇ ಬೇಡ.

ನೀರು

ಥಾರ್‌ಗೆ ಕಂಪನಿ ಹೇಳುವ ನೀರು ದಾಟುವ ಆಳ 650 ಮಿಲಿಮೀಟರ್. ಗಾಳಿ ಎಳೆಯುವ ಮೂತಿ ಇರುವ ಎತ್ತರಕ್ಕೂ ಇಂಥ ಅಂಕಿಗೂ ನೇರ ಸಂಬಂಧವಿದೆ. ಬಂಪರ್ ಹಿಂದೆ, ಚಕ್ರದ ಬಳಿ ಕೆಳಗೆ ಮೂತಿ ಇಳಿಸಿದ ಕಿಟ್ ಹಾಕಿದರೆ ಆ ಅಂಕಿಗೆ ಬೆಲೆ ಇರುವುದಿಲ್ಲ. ಮಳೆಗಾಲದ ಅಂಡರ್‌ಪಾಸ್‌ನಲ್ಲೋ ಮಲೆನಾಡಿನ ಹಳ್ಳ ದಾಟುವಾಗಲೋ ಒಂದು ಲೋಟ ನೀರು ಸಿಲಿಂಡರಿಗೆ ಹೋದರೆ ಸಾಕು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್ ಮೇಲೆ ಬರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಬಿಚ್ಚಲೇಬೇಕಾಗುತ್ತದೆ. ಕಿಟ್ಟಿನ ಮೂತಿ ಕಂಪನಿಯದಕ್ಕಿಂತ ಒಂದಿಂಚೂ ಕೆಳಗಿರಬಾರದು.

ಗಾಳಿಯ ಮೂತಿಯನ್ನು ಗಾಡಿಯ ಚಾವಣಿಯ ಎತ್ತರಕ್ಕೆ ಒಯ್ಯುವ ಪೈಪ್, ಅಂದರೆ ಸ್ನಾರ್ಕೆಲ್, ಇದಕ್ಕೆ ಉತ್ತರವಾಗಬಹುದು. ಆದರೆ ಪ್ರತಿ ಜೋಡಣೆಯೂ ನೀರು ಹೋಗದಂತೆ ಮುಚ್ಚಿರಬೇಕು. ಏರ್ ಬಾಕ್ಸ್ ತಳದಲ್ಲಿ ನೀರಿಳಿಯಲು ಕೊಟ್ಟ ತೂತಿಗೆ ಒಂದೇ ದಿಕ್ಕಿನ ರಬ್ಬರ್ ಕವಾಟ ಇಲ್ಲದಿದ್ದರೆ ನೀರು ಅಲ್ಲಿಂದಲೇ ಏರುತ್ತದೆ.

ಜೋಡಿಸುವಾಗ

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಸೆನ್ಸರಿನ ಕನೆಕ್ಟರನ್ನು ಅದರ ಲಾಕ್ ಒತ್ತಿಯೇ ಎಳೆಯಿರಿ, ತಂತಿ ಹಿಡಿದು ಎಳೆಯಬೇಡಿ. ಪೆಟ್ಟಿಗೆ ತೆಗೆದ ಕೂಡಲೇ ಟರ್ಬೊ ಅಥವಾ ಥ್ರಾಟಲ್ ಬಾಯಿಗೆ ಶುದ್ಧ ಬಟ್ಟೆ ತುರುಕಿ, ಒಂದು ನಟ್ ಬಿದ್ದರೂ ಟರ್ಬೊ ಚಕ್ರ ಹೋದಂತೆ. ಎಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ತರುವ ಬ್ರೀದರ್ ಪೈಪನ್ನು ಹೊಸ ಕಿಟ್ಟಿಗೂ ಜೋಡಿಸಲೇಬೇಕು. ಅದನ್ನು ಬಯಲಿಗೆ ಬಿಡುವವರಿದ್ದಾರೆ, ಅದು ತಪ್ಪು. ಎಲ್ಲ ಕ್ಲಾಂಪ್‌ಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ಪೈಪ್ ಯಾವುದಕ್ಕೂ ತಾಗುತ್ತಿಲ್ಲವೆಂದು ನೋಡಿ, ಕೊನೆಗೆ ಬಿಗಿ ಮಾಡಿ. ಎಂಜಿನ್ ಅಲ್ಲಾಡುತ್ತದೆ, ಬಾಡಿ ಅಲ್ಲಾಡುವುದಿಲ್ಲ. ನಡುವೆ ಬೆರಳಿನಷ್ಟು ಜಾಗ ಇಲ್ಲದಿದ್ದರೆ ಪೈಪ್ ಉಜ್ಜಿ ತೂತಾಗುತ್ತದೆ. ಬಟ್ಟೆ ತೆಗೆದೆವೇ ಎಂದು ಸ್ಟಾರ್ಟ್ ಮಾಡುವ ಮೊದಲು ನೋಡಿಕೊಳ್ಳಿ. 100 ಕಿಲೋಮೀಟರ್ ಓಡಿದ ಮೇಲೆ ಸಿಲಿಕೋನ್ ಜೋಡಣೆಗಳು ಕೂತಿರುತ್ತವೆ, ಕ್ಲಾಂಪ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ವಾರಂಟಿ ಇನ್ನೂ ಇದ್ದರೆ ಹಾಕಿಸುವ ಮುಂಚೆ ವಾರಂಟಿ ಪುಸ್ತಕದಲ್ಲಿ ಹೊರಗಿನ ಬಿಡಿಭಾಗಗಳ ಷರತ್ತು ಓದಿ. ಕಂಪನಿಯ ಹಳೆಯ ಪೆಟ್ಟಿಗೆಯನ್ನು ಎಸೆಯಬೇಡಿ. ಅಮೆರಿಕದ ಕಿಟ್‌ಗಳ ಮೇಲಿರುವ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಕಾರ್ಬ್‌ನ ಅನುಮತಿ ಸಂಖ್ಯೆ ಅಲ್ಲಿ ಹೆಸರಿಸಿದ ಮಾದರಿಗಳಿಗೆ ಮಾತ್ರ, ನಮ್ಮ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ.

ಹಾಕಿದ ಮೇಲೆ ನೋಡಬೇಕಾದ ಅಂಕಿಗಳು

ಹಳೆಯ ಪೆಟ್ಟಿಗೆ ಇದ್ದಾಗಲೇ ಒಂದು ದಿನ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ಓಬಿಡಿಯ ಅಂಕಿಗಳನ್ನು ಬರೆದಿಡಿ. ಹೋಲಿಸಲು ಅವು ಬೇಕು. ಒಳಬರುವ ಗಾಳಿಯ ತಾಪ ಹೊರಗಿನ ತಾಪಕ್ಕಿಂತ ಎಷ್ಟು ಹೆಚ್ಚಿದೆ ಎಂಬುದು ಮೊದಲನೆಯದು. ಹೆದ್ದಾರಿಯಲ್ಲೂ ಟ್ರಾಫಿಕ್ಕಿನಲ್ಲೂ ಬೇರೆ ಬೇರೆ ನೋಡಿ. ಟರ್ಬೊ ಗಾಡಿಯಲ್ಲಿ ಫಿಲ್ಟರ್ ಬಳಿಯ ಸೆನ್ಸರಿನ ಅಂಕಿ ಇದು ಹೌದೋ, ಇಂಟರ್‌ಕೂಲರ್ ಆಚೆಯದೋ ಎಂದು ಖಚಿತ ಮಾಡಿಕೊಳ್ಳಿ. ಹೊಸ ಕಿಟ್ಟಿನಲ್ಲಿ ಈ ಅಂತರ ಹಳೆಯದಕ್ಕಿಂತ ಹೆಚ್ಚಾದರೆ ಕಿಟ್ ತನ್ನ ಹೆಸರಿನ ಕೆಲಸವನ್ನೇ ಮಾಡುತ್ತಿಲ್ಲ.

ಪೆಟ್ರೋಲ್ ಗಾಡಿಯಲ್ಲಿ ಎರಡನೆಯದು ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್, ಅಂದರೆ ಇಸಿಯು ತನ್ನ ಇಂಧನ ಲೆಕ್ಕಕ್ಕೆ ಮಾಡಿಕೊಂಡ ತಿದ್ದುಪಡಿ. ಹಳೆಯದರಲ್ಲಿ ಅದು 2% ಇದ್ದು ಹೊಸದರಲ್ಲಿ 10% ದಾಟಿದರೆ ಸೆನ್ಸರ್ ಕಡಿಮೆ ಓದುತ್ತಿದೆ ಅಥವಾ ಎಲ್ಲೋ ಗಾಳಿ ಕದ್ದು ನುಗ್ಗುತ್ತಿದೆ. ಐಡಲ್‌ನಲ್ಲಿ ಹೆಚ್ಚಿದ್ದು ವೇಗದಲ್ಲಿ ಇಳಿದರೆ ಸೋರಿಕೆ. ವೇಗದಲ್ಲೂ ಅಷ್ಟೇ ಉಳಿದರೆ ಪೈಪಿನ ವ್ಯಾಸವನ್ನು ಮತ್ತೆ ಅಳೆಯಿರಿ. ಮುಂದಿನ ಆಯಿಲ್ ಬದಲಾವಣೆಯಲ್ಲಿ ಹಳೆಯ ಆಯಿಲ್ಲಿನ ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿನ ಸಿಲಿಕಾನ್ ಅಂಶ ಧೂಳಿನ ಲೆಕ್ಕ ಹೇಳುತ್ತದೆ. ಕಿಟ್ ಹಾಕುವ ಮುಂಚಿನ ಆಯಿಲ್ಲಿನದೂ ಒಂದು ಸ್ಯಾಂಪಲ್ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು.